ಅಕ್ಕನ ಬಾಯಿಗೆ ಹಾಕಿದ ಮಾತು

ಬ್ಯಾಡಗಿ,
ರವಿವಾರ, ೮ ಫೆಬ್ರುವರಿ ೨೦೨೬

ಪ್ರೀತಿಯ ಯಲ್ಲೇಶಣ್ಣಾ,

ಹೇಗಿದ್ದೀಯ? ಅಲ್ಲಿ ಗಡಿಯಲ್ಲಿ ಹಿಮ ಬೀಳುವುದು ನಿಂತಿತೋ ಇಲ್ಲವೋ? ಕಾಲ್ಬೆರಳು ಮರಗಟ್ಟುತ್ತವೆ, ಬೂಟು ಬಿಚ್ಚಿದರೆ ತಿರುಗಿ ಹಾಕಲಾಗುವುದಿಲ್ಲ ಎಂದು ಹೇಳಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ? ತೋರಿಸದಿದ್ದರೆ ಇವತ್ತೇ ತೋರಿಸು, ನಾಳೆ ನಾಡಿದ್ದು ಎನ್ನಬೇಡ. ಮೈಯ ವಿಷಯದಲ್ಲಿ ನೀನು ಮೊದಲಿನಿಂದಲೂ ಉದಾಸೀನ. ನಾನು ಚೆನ್ನಾಗಿದ್ದೇನೆ. ಹಾವೇರಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಾಗೇ ನಡೆದಿದೆ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಇಲ್ಲಿ ಈಗ ಸುಗ್ಗಿ. ಮಾರುಕಟ್ಟೆ ತುಂಬ ಮೆಣಸಿನಕಾಯಿ ಚೀಲ, ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಸೀನು ಶುರುವಾಗುತ್ತದೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಾಳೆ. ಬೇಡವೆಂದರೂ ಕೇಳುವುದಿಲ್ಲ. ಮನೆಯಲ್ಲಿ ಕೂತರೆ ಅಕ್ಕನ ನೆನಪು ತಿನ್ನುತ್ತದೆ, ಅಲ್ಲಿ ಕಣ್ಣೀರು ಬಂದರೂ ಘಾಟಿಗೆ ಬಂತು ಅಂದುಕೊಳ್ಳುತ್ತಾರೆ.

ಫೋನಿನಲ್ಲಿ ಹೇಳುವುದು ಬಿಟ್ಟು ಇವಳೇನು ಕಾಗದ ಬರೆಯುತ್ತ ಕೂತಿದ್ದಾಳೆ ಎಂದುಕೊಳ್ಳಬೇಡ. ಎರಡು ಕೋಣೆಯ ಈ ಮನೆಯಲ್ಲಿ ಅವ್ವನ ಕಿವಿಗೆ ಬೀಳದಂತೆ ಮಾತಾಡುವುದು ಆಗದ ಕೆಲಸ. ಈಗ ಅವಳು ಪಕ್ಕದ ಓಣಿಯ ಅಮೀರಬಿ ಚಾಚಿಯ ಮನೆಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಎಲ್ಲ ಬರೆದು ಮುಗಿಸಬೇಕು. ಫೋನಿನಲ್ಲಿ ನಿನಗೆ ಚೂರುಚೂರಾಗಿ ಹೇಳಿದ್ದೇನೆ, ಕೆಲವನ್ನು ಹೇಳಿಯೇ ಇಲ್ಲ.

ನೀನು ಬಂದಾಗ ಅರುಣಕ್ಕನ ಮಣ್ಣು ಮುಗಿದಿತ್ತು. ಅವಳ ಮುಖ ನೋಡಲು ಸಿಗಲಿಲ್ಲ ಎಂದು ನೀನು ಗೋಡೆಗೆ ಹಣೆ ಚಚ್ಚಿಕೊಂಡೆ. ನೋಡದೇ ಇದ್ದದ್ದೇ ಒಳ್ಳೆಯದಾಯಿತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ಹಲಗೇರಿಯಲ್ಲಿ ಅವಳ ಗಂಡನ ಮನೆಯವರ ಹೊಲದ ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಎಷ್ಟು ನುಣುಪಾಗಿದೆಯೆಂದರೆ, ಒಳಗೆ ಬಿದ್ದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅಕ್ಕನ ಉಗುರುಗಳು ಮುರಿದಿದ್ದವು. ಬಟ್ಟೆ ಒಗೆಯಲು ಹೋಗಿ ಕಾಲು ಜಾರಿತು ಎಂದು ಅವಳ ಗಂಡ ಮಾಲತೇಶ ಹೇಳಿದ. ಅವನನ್ನು ಮಾವ ಎನ್ನಲು ಈಗ ನನಗೆ ಬಾಯಿ ಬರುವುದಿಲ್ಲ. ಆ ವರ್ಷ ಪಂಚಮಿಗೆ ತವರಿಗೆ ಬಂದಾಗ ಅಕ್ಕ ಅವ್ವನಿಗೆ ಬೆನ್ನು ತೋರಿಸಿದ್ದಳು, ಬೆಲ್ಟಿನ ಬಾಸುಂಡೆಗಳಿದ್ದವಂತೆ. ತಿರುಗಿ ಹೋಗಲಾರೆ ಎಂದು ಅತ್ತಿದ್ದಳು. ಅವ್ವ ಅವಳ ತಲೆ ಬಾಚಿ, ಹೂ ಮುಡಿಸಿ, "ಸಂಸಾರ ಅಂದ ಮ್ಯಾಲ ಇರತೈತಿ, ಸೈರಿಸ್ಕೊಂಡ ಹೋಗು ಯವ್ವಾ" ಎಂದು ತಾನೇ ಬಸ್ಸಿಗೆ ಹತ್ತಿಸಿ ಬಂದಳು. ಪೊಲೀಸರ ಮುಂದೆ ಬೆನ್ನಿನ ವಿಷಯ ಹೇಳಿದವಳು ಅವ್ವ ಒಬ್ಬಳೇ. ಬಸ್ಸಿಗೆ ಹತ್ತಿಸಿದ್ದನ್ನೂ ಹೇಳಿದಳು. ಮಾಲತೇಶನ ಮೇಲಿನ ಕೇಸು ನಿಂತಿರುವುದು ಅವಳ ಮಾತಿನ ಮೇಲೆ. ಅವಳು ಕಟಕಟೆಯಲ್ಲಿ ಗಟ್ಟಿಯಾಗಿ ಹೇಳದಿದ್ದರೆ ನಮ್ಮ ಕೈಯಲ್ಲಿ ಬೇರೆ ಏನೂ ಇಲ್ಲ ಎಂದು ಸರಕಾರಿ ವಕೀಲರು ಮೊದಲಿನಿಂದ ಹೇಳುತ್ತಿದ್ದಾರೆ.

ಆಮೇಲೆ ಒಂದು ವರ್ಷವಿಡೀ ಅವ್ವ ಅಕ್ಕನ ಒಂದು ಮಾತಿಗಾಗಿ ಕಾಯ್ದಳು. ಇದು ನಿನಗೆ ಗೊತ್ತಿಲ್ಲ. ಎದ್ದ ಕೂಡಲೇ ನನಗೆ ಹೇಳುತ್ತಿದ್ದಳು, "ಇವತ್ತೂ ಕನಸಿನ್ಯಾಗ ಬರಲಿಲ್ಲ. ನನ್ನ ಮ್ಯಾಲ ಸಿಟ್ಟ ಐತಿ ಅಕಿಗೆ." ರೊಟ್ಟಿ ಬಡಿಯುವಾಗ ಫೋಟೋದ ಕಡೆ ತಿರುಗಿ ಆ ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಯಾರು ಬಂದರು, ಯಾರ ಮಗಳು ಬಸುರಾದಳು, ಕಾಯಿಪಲ್ಲೆ ಎಷ್ಟು ತುಟ್ಟಿಯಾಯಿತು. ನಡುನಡುವೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಅಗಡಿಯಲ್ಲಿ ಒಬ್ಬ ಹೆಂಗಸು ಅಮಾವಾಸ್ಯೆಗೆ ಸತ್ತವರ ಮಾತು ಹೇಳುತ್ತಾಳೆ ಎಂದು ಯಾರೋ ಅಂದಾಗ ಅಲ್ಲಿಗೂ ಹೋದಳು. ನಾನೂ ಜೊತೆಗೆ ಹೋಗಿದ್ದೆ. ಆ ಹೆಂಗಸು ಅವ್ವನ ಕೈ ಹಿಡಿದು ನಡುಗುತ್ತ, "ನೀರು, ನೀರು" ಎಂದಳು. ಹೊಂಡದ ಸುದ್ದಿ ಜಿಲ್ಲೆಗೆಲ್ಲ ಗೊತ್ತಿತ್ತಲ್ಲ. ಆದರೂ ಅವ್ವ ಬರುವಾಗ ಟಂಟಂ ಗಾಡಿಯಲ್ಲಿ ನನ್ನ ಭುಜಕ್ಕೆ ಒರಗಿ, "ನನ್ನ ಹೆಸರ ತಗೀಲಿಲ್ಲ ನೋಡು" ಎಂದಳು. ಮಗಳು ಒಮ್ಮೆ ಅವ್ವಾ ಎಂದು ಕರೆಯಲಿ, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅಮೀರಬಿ ಚಾಚಿ ಒಮ್ಮೆ ಅವಳಿಗೆ ಬುದ್ಧಿ ಹೇಳಿದ್ದರು. "ಮಂಗಳವ್ವಾ, ನಾನೂ ತೀರಿಹೋದ ನಮ್ಮ ಯಜಮಾನರ ಜೋಡಿ ದಿನಾ ಮಾತಾಡ್ತೇನಿ. ಅವ್ರು ಒಂದಿನಾನೂ ತಿರಗಿ ಮಾತಾಡಿಲ್ಲ. ಮಾತಾಡಿದ್ರ ನಾ ಅಂಜಿ ಸಾಯ್ತಿದ್ದೆ." ಅವ್ವ ನಕ್ಕಳು. ಆ ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ.

ಡಿಸೆಂಬರಿನಲ್ಲಿ ಹಲಗೇರಿಯವರು ವರ್ಷದ ಪೂಜೆಗೆ ಹೇಳಿ ಕಳಿಸಿದರು. ನಾನು ಹೋಗಕೂಡದು ಎಂದೆ. ಮಗಳ ಪೂಜೆಗೆ ನಾನು ಹೋಗದೆ ಮತ್ಯಾರು ಹೋಗಬೇಕು ಎಂದು ಅವ್ವ ಹಟ ಹಿಡಿದಳು. ಹೋದೆವು. ಪಡಸಾಲೆಯಲ್ಲಿ ದೊಡ್ಡ ಟಿವಿ ಇಟ್ಟಿದ್ದರು, ಊರಿನವರೆಲ್ಲ ಕೂತಿದ್ದರು. ಮಾಲತೇಶ ಗುಂಡಿ ಒತ್ತಿದ. ಅಕ್ಕನ ಮದುವೆಯ ಫೋಟೋ ಬಂತು, ಆ ಹಸಿರು ಸೀರೆಯದು. ಫೋಟೋದೊಳಗಿನ ಅಕ್ಕ ಕಣ್ಣು ಪಿಳುಕಿಸಿದಳು. ಕೊರಳು ತುಸು ಓರೆ ಮಾಡಿದಳು. ಅವಳು ಕೈಮುಗಿದು ಅವಳದೇ ದನಿಯಲ್ಲಿ ಮಾತಾಡಿದಳು. "ಅವ್ವಾ, ನಾ ಅರಾಮ ಅದೇನಿ. ನಂದ ಕಾಲ ಜಾರಿತು. ಯಾರದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ನೀ ಕಳಿಸಿದ್ದು ಬರೋಬರಿನ ಇತ್ತು. ಎರಡೂ ಮನಿಯವರು ಜಗಳಾ ಮಾಡಬ್ಯಾಡ್ರಿ." ಕೂತವರಲ್ಲಿ ಎಷ್ಟೋ ಜನ ಗೊಳೋ ಎಂದು ಅತ್ತರು. ಅವ್ವ ಅಳಲಿಲ್ಲ. ಎದ್ದು ಹೋಗಿ ಟಿವಿಯ ಮೇಲೆ ಅಂಗೈ ಇಟ್ಟು ನಿಂತಳು. ಮಾಲತೇಶ ಅದನ್ನು ನನ್ನ ಕಣ್ಣೆದುರಿಗೇ ಅವ್ವನ ಫೋನಿಗೆ ಹಾಕಿಕೊಟ್ಟ. ಏನು ಬರೆದರೆ ಅವ್ವ ಕರಗುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದು ನಾನು ತಿಳಿಹೇಳಿದೆ. ಇದು ಕಂಪ್ಯೂಟರಿನಲ್ಲಿ ಮಾಡುವುದು, ಮದುವೆಯ ವಿಡಿಯೋದಿಂದ ದನಿ ತೆಗೆದಿದ್ದಾರೆ, ಮಾತು ಅವರು ಬರೆದುಕೊಟ್ಟದ್ದು ಎಂದೆ. ನಮ್ಮ ಅವ್ವ ದಡ್ಡಿಯಲ್ಲ. "ಮಷೀನು ಅಂತ ನನಗೂ ಗೊತ್ತೈತಿ. ಯಲ್ಲೇಶನ ದನಿನೂ ನನಗ ಮಷೀನಿಂದನ ಬರತೈತಲ್ಲ? ದೂರ ಇದ್ದವರು ಇನ್ನ ಹೆಂಗ ಮಾತಾಡಬೇಕ?" ಎಂದು ಕೇಳಿದಳು. ಅಂದಿನಿಂದ ಅವಳು ಎದ್ದರೂ ಕೂತರೂ ಅದನ್ನೇ ಕೇಳತೊಡಗಿದಳು. "ನಿಂದೂ ತಪ್ಪಿಲ್ಲ" ಎನ್ನುವಲ್ಲಿ ಬಂದು ನಿಲ್ಲಿಸುವುದು, ಹಿಂದಕ್ಕೆ ಹಾಕುವುದು, ಮತ್ತೆ ಕೇಳುವುದು. ಖರೇ ಹೇಳುತ್ತೇನೆ, ಆ ದಿನಗಳಲ್ಲಿ ಅವಳು ಹೊಟ್ಟೆ ತುಂಬ ಉಂಡಳು, ಕಣ್ಣು ತುಂಬ ನಿದ್ದೆ ಮಾಡಿದಳು. ಅದನ್ನು ನೋಡಿ ನನಗೆ ಸಮಾಧಾನವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಒಂದು ದಿನ ವಕೀಲರ ಫೋನು ಬಂದಾಗ ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡು, "ನಾ ಕೋರ್ಟಿಗೆ ಬಂದು ಅಕಿಗೆ ಅಲ್ಲಿ ಏನೂ ತ್ರಾಸ ಇರಲಿಲ್ಲ ಅಂತ ಹೇಳತೇನ್ರಿ. ನನ್ನ ಮಗಳ ಬ್ಯಾಡ ಅಂದಾಳ" ಎಂದುಬಿಟ್ಟಳು.

ವಿಡಿಯೋದ ಕೊನೆಯಲ್ಲಿ ಸ್ಟುಡಿಯೋದ ಹೆಸರಿತ್ತು. ನಾನು ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆ. ಜಗಳವಾಡಲೆಂದೇ ಹೋದವಳು. ಸ್ಟುಡಿಯೋ ಇಟ್ಟವರು ಶಹಬಾಜ ಎಂದು, ನಲವತ್ತು ದಾಟಿದವರು, ತಣ್ಣಗಿನ ಮನುಷ್ಯ. ನಾನು ಯಾರೆಂದು ತಿಳಿದ ಕೂಡಲೇ ಅವರ ಮುಖ ಕಪ್ಪಿಟ್ಟಿತು. "ಪುಣ್ಯತಿಥಿಗೆ ಈಗ ಎಲ್ಲಾರೂ ಮಾಡಸ್ತಾರ್ರಿ. ಅವ್ರು ಬರದು ಕೊಟ್ಟಿದ್ದನ್ನ ನಾ ಹಾಕೇನಿ. ಕೇಸು ನಡದೈತಿ ಅಂತ ನನಗ ಖರೇನ ಗೊತ್ತಿರಲಿಲ್ಲ. ನಿಮ್ಮ ತಾಯಾರಿಗೆ ನಾನ ಬಂದು ತಿಳಿಸಿ ಹೇಳತೇನ್ರಿ" ಎಂದರು. ಅಷ್ಟಕ್ಕೇ ನಾನು ಅವರನ್ನು ಕರೆದುಕೊಂಡು ಬಂದಿದ್ದರೆ ಈ ಕಾಗದ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೇಗೆ ಮಾಡುತ್ತಾರೆಂದು ಅವ್ವನಿಗೆ ವಿವರಿಸಬೇಕಲ್ಲ, ನನಗೂ ತೋರಿಸಿ ಎಂದೆ. ಅವರು ಅಕ್ಕನ ಫೈಲು ತೆಗೆದು, ಇಲ್ಲಿ ಏನು ಬರೆದರೂ ಆ ದನಿಯಲ್ಲಿ ಬರುತ್ತದೆ ಎಂದು ಕೀಬೋರ್ಡು ನನ್ನ ಕಡೆ ಸರಿಸಿದರು.

ನಾನು "ಸುಶೀ, ಚಾ ಮಾಡ ಬಾ" ಎಂದು ಬರೆದೆ. ಕೆಲಸದಿಂದ ದಣಿದು ಬಂದಾಗ ಅಕ್ಕ ನನ್ನನ್ನು ಹಾಗೇ ಅಲ್ಲವೇ ಕರೆಯುತ್ತಿದ್ದದ್ದು. ಸ್ಪೀಕರಿನಲ್ಲಿ ಅಕ್ಕ ಕರೆದಳು. ಅಣ್ಣಾ, ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಶಹಬಾಜ ಅವರು ಹೊರಗೆ ಹೋಗಿ ನೀರು ತಂದುಕೊಟ್ಟರು. ಅವರು ಬರುವುದರೊಳಗೆ ನಾನು ಮುಂದಿನದನ್ನು ಬರೆದಾಗಿತ್ತು. "ಅವ್ವಾ, ನಾ ಜಾರಿ ಬಿದ್ದಿಲ್ಲ. ಅವ್ರು ನನ್ನ ಹೊಡೀತಿದ್ರು. ನೀ ಕಣ್ಣಾರೆ ನೋಡಿದ್ದನ್ನ ಕೋರ್ಟಿನ್ಯಾಗ ಹೇಳು." ಅವರು ಅದನ್ನು ಓದಿದರು. "ಇದು ಬರೋಬರಿ ಅಲ್ಲ ನೋಡ್ರಿ ತಂಗಿ" ಎಂದರು. ಮಾಲತೇಶನ ಸುಳ್ಳು ಮಾಡಿಕೊಟ್ಟ ನೀವು ನನ್ನ ಖರೇ ಮಾಡಿಕೊಡಲು ಯಾಕೆ ಹಿಂದೆಮುಂದೆ ನೋಡುತ್ತೀರಿ ಎಂದು ನಾನು ಕೂಗಾಡಿದೆ. ಅವರು ಕೀಬೋರ್ಡು ತಮ್ಮ ಕಡೆ ಎಳೆದುಕೊಂಡು ಮಾಡಿಕೊಟ್ಟರು. ರೈಲಿನಲ್ಲಿ ಬರುವಾಗ ನಾನು ಮಾಡಿದ್ದು ಸರಿ ಎಂದೇ ನನಗನ್ನಿಸುತ್ತಿತ್ತು. ಸುಳ್ಳು ಎಂಬುದು ಎಲ್ಲಿದೆ? ಬೆನ್ನಿನ ಬಾಸುಂಡೆ ಸುಳ್ಳಲ್ಲವಲ್ಲ.

ಅವ್ವ ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡು ಕೂತಿದ್ದಳು. ತೋರಿಸಿದೆ. ಪೂರಾ ನೋಡಿದಳು. "ಇದನ್ನ ಎಲ್ಲಿ ಮಾಡಿಸಿದಿ?" ಎಂದು ಕೇಳಿದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಎಲ್ಲವನ್ನೂ ಹೇಳಿದೆ. ಮಾಲತೇಶನದೂ ಅದೇ ಮೇಜಿನ ಮೇಲೆ ಹೀಗೇ ಆದದ್ದು ಎಂದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿದಳು. ಆಮೇಲೆ, "ಎಷ್ಟ ಸಲ ಸಾಯಬೇಕ ಅಕಿ? ಅವ್ರೂ ಆತು, ನೀನೂ ಆತು. ಬಾಯಿ ಇಲ್ಲದಾಕಿ ಸಿಕ್ಕಾಳಂತ ನಿಮಗ ಬೇಕಾದ್ದನ್ನ ಆಡಸ್ತೀರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಎರಡನ್ನೂ ಅಳಿಸು ಎಂದಳು. ಅವಳ ಎದುರಿಗೇ ಅಳಿಸಿದೆ.

ಅಂದಿನಿಂದ ಫೋಟೋದ ಜೊತೆ ಮಾತು ನಿಂತಿತು. ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಅಡಿಗೆ ಮನೆಯಲ್ಲಿ ಏನೂ ಕೇಳುವುದಿಲ್ಲ. ಅಕ್ಕನ ಹೆಸರನ್ನೂ ಎತ್ತುವುದಿಲ್ಲ. ಕನಸಿನಲ್ಲಿ ಬಂದಳಾ ಎಂದು ನಾನೇ ಒಮ್ಮೆ ಬಾಯಿಬಿಟ್ಟು ಕೇಳಿದೆ. "ಬಂದ್ರೂ ಅಕಿನ ಬಂದಾಳ ಅಂತ ಹೆಂಗ ನಂಬೂದು?" ಎಂದಳು. ಅವಳಿಗೆ ಉಳಿದಿದ್ದ ಒಂದೇ ಆಸರೆಯನ್ನು ಮಾಲತೇಶ ಕೆಡಿಸಿದ, ನಾನು ಕಿತ್ತು ಹಾಕಿದೆ. ವಕೀಲರು ತಾರೀಖು ಹೇಳಿದರೆ, "ನಾ ಏನೂ ಹೇಳೂದಿಲ್ಲ. ಹೌದೂ ಅನ್ನೂದಿಲ್ಲ, ಅಲ್ಲಾನೂ ಅನ್ನೂದಿಲ್ಲ" ಎನ್ನುತ್ತಾಳೆ.

ಇಂಥ ಹೊತ್ತಿನಲ್ಲಿ ನಿನ್ನ ಫೋನು ಬಂತು. ನೀರು ಹೊಕ್ಕು ಕೆಟ್ಟು ಟ್ರಂಕಿನಲ್ಲಿ ಬಿದ್ದಿದ್ದ ನಿನ್ನ ಹಳೆಯ ಫೋನು ರಿಪೇರಿಯಾಯಿತು, ಅದರಲ್ಲಿ ಅಕ್ಕ ಸಾಯುವ ವಾರ ಕಳಿಸಿದ, ನೀನು ಕೇಳುವ ಮೊದಲೇ ಫೋನು ಕೆಟ್ಟು ಉಳಿದುಹೋಗಿದ್ದ ವಾಯ್ಸ್ ಮೆಸೇಜು ಸಿಕ್ಕಿತು ಎಂದು ನೀನು ಬಿಕ್ಕುತ್ತ ಹೇಳಿದೆ. ನೀನು ಕಳಿಸಿದ್ದನ್ನು ಹಾವೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಾನು ಮೊದಲು ಒಬ್ಬಳೇ ಕೇಳಿದೆ. "ಅಣ್ಣಾ, ಊಟಾ ಆತೇನು? ಈ ಸಲ ಸೂಟಿಗೆ ಬಂದಾಗ ಮೊದಲ ಇಲ್ಲಿಗೇ ಬಾ. ನನ್ನ ಕರಕೊಂಡ ಹೋಗು. ಅವ್ವಗ ಹೇಳಬ್ಯಾಡ, ಅಲ್ಲೇ ಇರು ಅಂತಾಳ. ಇಲ್ಲಿ ನನಗ ಭಾಳ ಅಂಜಿಕಿ ಆಗೇತಿ." ಅಷ್ಟೇ. ನಡುವೆ ಒಂದು ಸಲ ಉಸಿರೆಳೆದುಕೊಳ್ಳುತ್ತಾಳೆ, ಹಿಂದೆ ಎಲ್ಲೋ ಹುಂಜ ಕೂಗುತ್ತದೆ. ಮಾಡಿಸಿದ ದನಿಗೂ ಇದಕ್ಕೂ ಎಷ್ಟು ಫರಕು ಎಂದು ಆಗ ತಿಳಿಯಿತು. ಆ ಮಾಡಿಸಿದ ದನಿ ಮದುವೆಯ ದಿನದ್ದು, ಅಂಜಿಕೆ ಎಂಬುದನ್ನೇ ಅರಿಯದ ಅಕ್ಕನದು.

ಇದನ್ನು ಕೇಳಿದರೆ ಅವ್ವ ಎದ್ದು ನಿಲ್ಲುತ್ತಾಳೆ ಎಂದು ನಂಬಿ ಓಡೋಡಿ ಬಂದೆ. ಅಮೀರಬಿ ಚಾಚಿಯೂ ಮನೆಯಲ್ಲೇ ಇದ್ದರು. ಅವ್ವ ಕಣ್ಣು ಮುಚ್ಚಿ ಕೇಳಿದಳು. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಮುಗಿದ ಮೇಲೆ ಅವ್ವ ಕಣ್ಣು ತೆರೆದು, "ಈ ಸಲ ಭಾಳ ಚಲೋ ಮಾಡ್ಯಾರ. ಹುಂಜ ಕೂಗೂದನ್ನೂ ಹಾಕ್ಯಾರ" ಎಂದು ಎದ್ದು ಅಡಿಗೆ ಮನೆಗೆ ಹೋದಳು. ನಾನು ಹಿಂದೆಯೇ ಹೋಗಿ ಕಾಲು ಹಿಡಿದೆ. ನಿನ್ನ ಮೇಲೆ ಆಣೆ ಮಾಡಿ ಹೇಳಿದೆ. ಚಾಚಿಯೂ, "ಮಂಗಳವ್ವಾ, ಇದು ಅರುಣಾನ ಐತಿ, ನನ್ನ ಮಾತ ಕೇಳು" ಎಂದರು. ಅವ್ವ ತಿರುಗಿ ನೋಡಲಿಲ್ಲ, ಹಿಟ್ಟು ನಾದುತ್ತಲೇ ಇದ್ದಳು. ನಂಬಲಾಗಲಿಲ್ಲವೋ, "ಅಲ್ಲೇ ಇರು ಅಂತಾಳ" ಎನ್ನುವ ಮಾತನ್ನು ನಂಬಿ ಬದುಕಲು ಅವಳಿಂದಾಗುವುದಿಲ್ಲವೋ, ನನಗೆ ತಿಳಿಯದು. ನಾನು ಸ್ಟುಡಿಯೋಕ್ಕೆ ಹೋಗದೇ ಇದ್ದಿದ್ದರೆ ಕೊನೆಗೆ ಆ ಪ್ರಶ್ನೆಯಾದರೂ ನನ್ನನ್ನು ಕಾಡುತ್ತಿರಲಿಲ್ಲ.

ವಕೀಲರಿಗೆ ವಿಷಯ ಹೇಳಿದ್ದೇನೆ. ಆ ಫೋನು ಹೇಗಿದೆಯೋ ಹಾಗೇ ಬೇಕಂತೆ. ಏನನ್ನೂ ಅಳಿಸಬೇಡ, ಯಾರ ಕೈಗೂ ಕೊಡಬೇಡ. ಶಹಬಾಜ ಅವರು ಕೋರ್ಟಿಗೆ ಬಂದು, ಮೊದಲಿನದು ತಾವೇ ಮಾಡಿದ್ದು ಎಂದು ಹೇಳಲು ಒಪ್ಪಿದ್ದಾರೆ. ಅವರು ಬಂದು ಅವ್ವನ ಕ್ಷಮೆಯನ್ನೂ ಕೇಳಿ ಹೋದರು. ಅವ್ವ ಅವರಿಗೆ ಚಹಾ ಮಾಡಿಕೊಟ್ಟಳು, ಅಷ್ಟೇ. ಮಾಲತೇಶ ಜಾಮೀನಿನ ಮೇಲೆ ಆರಾಮವಾಗಿ ತಿರುಗಾಡುತ್ತಿದ್ದಾನೆ, ಅವನಿಗೆ ಮತ್ತೆ ಹೆಣ್ಣು ನೋಡುತ್ತಿದ್ದಾರೆ ಎಂದೂ ಸುದ್ದಿ. ಅದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ.

ಅವ್ವ ಬರುವ ಹೊತ್ತಾಯಿತು. ನಿನ್ನ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ಹೇಳು. ಬಿಸಿ ಬಿಸಿ ಉಣ್ಣು, ಕಾಲು ಒಣಗಿಸಿಕೊಂಡು ಮಲಗು. ನಮ್ಮ ಮನೆದೇವರು ನಿನ್ನನ್ನು ಕಾಯಲಿ. ನನ್ನನ್ನು ಬೈಯುವುದಿದ್ದರೆ ಎದುರಿಗೆ ಬಂದು ಬೈ, ತಲೆ ತಗ್ಗಿಸಿ ಕೇಳುತ್ತೇನೆ.

ನಿನ್ನ ತಂಗಿ,
ಸುಶ್ಮಿತಾ

ತಾ.ಕ.: ಅಸಲು ಮಾತು ಬರೆಯಲು ಕೈ ಹಿಂಜರಿಯುತ್ತಿತ್ತು, ಈಗ ಬೇಗ ಬೇಗ ಬರೆಯುತ್ತೇನೆ. ಬುಧವಾರ ನೀನು ವಿಡಿಯೋ ಕಾಲ್ ಮಾಡಿದಾಗ ಅವ್ವ ಬರೀ ಹೂಂ ಹೂಂ ಎಂದಳಲ್ಲ, ಸಿಟ್ಟಾಗಿದ್ದಾಳಾ ಎಂದು ನೀನು ಕೇಳಿದೆ. ಸಿಟ್ಟಲ್ಲ ಅಣ್ಣಾ. ಫೋನು ಇಟ್ಟ ಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು, "ಖರೇ ಹೇಳು, ಯಲ್ಲೇಶ ಯಾವಾಗ ಹೋದ? ಅರುಣಾನೂ ಟಿವಿಯಾಗ ಹಿಂಗ ಕಣ್ಣ ಪಿಳಕಸ್ತಿದ್ದಳು" ಎಂದು ಕೇಳಿದಳು. ಏನು ಹೇಳಿದರೂ ನಂಬುತ್ತಿಲ್ಲ. ನಿನ್ನೆ ಬೆಳಿಗ್ಗೆ ನೋಡಿದರೆ ಅಕ್ಕನ ಫೋಟೋದ ಪಕ್ಕದಲ್ಲಿ ನಿನ್ನ ಫೋಟೋವನ್ನೂ ಇಟ್ಟಿದ್ದಳು. ಅದರ ಮುಂದೆ ಊದಿನಕಡ್ಡಿ ಇನ್ನೂ ಹಚ್ಚಿಲ್ಲ. ಇನ್ನು ಮೇಲೆ ಫೋನು ಮಾಡಬೇಡ. ಮಾಡಿದಷ್ಟೂ ಅವಳಿಗೆ ನೀನು ಸತ್ತದ್ದು ಖಾತ್ರಿಯಾಗುತ್ತಿದೆ. ಹೇಗಾದರೂ ರಜೆ ತೆಗೆದುಕೊಂಡು ಬಾ. ಬಂದು ಅವಳ ಕೈಗೆ ನಿನ್ನ ಮುಖ ಕೊಡು, ಮುಟ್ಟಿ ನೋಡಲಿ.